ಹಳಿಯುದ್ದಕ್ಕೂ ಹರಡಿದ ಮನೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಸೋದರಳಿಯನು ಕಳೆದ ಸಲ ಊರಿಗೆ ಬಂದಿದ್ದಾಗ, ಅವನ ನೆರೆಯ ವೃದ್ಧ ದಂಪತಿಗಳು ಇದ್ದ ಮನೆಯನ್ನು ಮಾರಿ, ಅಡುಗೆಮನೆ, ಶಯನಗೃಹ, ಸ್ನಾನಗೃಹಗಳೆಲ್ಲವನ್ನೂ ಹೊಟ್ಟೆಯಲ್ಲಿ ಇರಿಸಿಕೊಂಡ ಬಸ್ಸಿನಂತಹ ಒಂದು ವಾಹನವನ್ನು ಕೊಂಡು, ಚಳಿಗಾಲವನ್ನು ಅರಿಝೋನಾದ ಮರಳುಗಾಡಿನಲ್ಲಿಯೂ ಬೇಸಗೆಯನ್ನು ಉತ್ತರದ ಸರೋವರಗಳ ದಡದಲ್ಲಿಯೂ ಕಳೆಯುತ್ತ, ನಡುವಣ ತಿಂಗಳುಗಳಲ್ಲಿ ಮಕ್ಕಳು, ಬಂಧುಗಳು, ಹಳೆಯ ಸ್ನೇಹಿತರು ಇವರ ಅಂಗಳಗಳಲ್ಲಿ ಬಿಡಾರ ಹೂಡುತ್ತ ಕಾಲಯಾಪನೆ ಮಾಡುತ್ತಿರುವರೆಂದು ಸವಿಸ್ತಾರವಾಗಿ ವರ್ಣಿಸಿದನು. ಇದನ್ನು ಕೇಳಿ ನಾವು ಬೆರಗಾಗುವೆವೆಂದು ಅವನು ಎಣಿಸಿದ್ದನೆಂದು ತೋರುತ್ತದೆ. ನನ್ನ ಹೆಂಡತಿಯಾದರೋ ಹೆಚ್ಚುತ್ತಿದ್ದ ತೊಂಡೆಕಾಯಿಯಿಂದ ತಲೆಯೆತ್ತದೆಯೇ, "ಅದರಲ್ಲೇನು ವಿಶೇಷ ಮಾರಾಯಾ? ನಾವು ಮತ್ತೇನು ಮಾಡ್ತಾ ಇದ್ದೇವೆ? ಅವರಿಗೆ ಪೆಟ್ರೋಲಿನ ಖರ್ಚು, ನಮಗೆ ರೈಲಿನ ಪಾಸಿನ ಖರ್ಚು, ಅಷ್ಟೆ" ಎಂದಳು.

ಅವಳ ಮಾತು ಸತ್ಯ. ಡೊಂಬಿವಲಿ ಪೂರ್ವದಲ್ಲಿ ನಾವು ಮೂವತ್ತೊಂದು ವರ್ಷ ಸಂಸಾರ ಮಾಡಿದ ಕಟ್ಟಡವು ರೀಡೆವಲಪ್‌ಮೆಂಟ್ ಎಂಬ ಸಂಸ್ಕಾರಕ್ಕೆ ಒಳಗಾಗಿ, ಮೊದಲು ಖಾಲಿಯಾಗಿ, ಅನಂತರ ನೆಲಸಮವಾಗಿ, ಈಗ ತಗಡಿನ ಬೇಲಿಯೊಳಗಿನ ಒಂದು ಹೊಂಡವಾಗಿದೆ. ಹೊಂಡದ ಎದುರಿನ ಫಲಕದಲ್ಲಿ ಇಪ್ಪತ್ತೆರಡು ಅಂತಸ್ತಿನ ಸೌಧವೊಂದು ನೀಲಾಕಾಶದ ಹಿನ್ನೆಲೆಯಲ್ಲಿ ಈಗಾಗಲೆ ಪೂರ್ಣಗೊಂಡಿದೆ. ಕಟ್ಟಡ ಮುಗಿಯುವವರೆಗೆ ಬಾಡಿಗೆಯ ಹಣವು ತಿಂಗಳು ತಪ್ಪದೆ ಬರತಕ್ಕದ್ದೆಂದು ಕರಾರುಪತ್ರದಲ್ಲಿ ಬರೆದಿತ್ತು. ತಿಂಗಳುಗಳೇನೋ ತಪ್ಪದೆ ಬಂದವು. ಆದುದರಿಂದ ನಾವು ಬೇರೆ ಮನೆಯನ್ನು ಹಿಡಿಯುವ ಗೋಜಿಗೆ ಹೋಗದೆ, ದೀಪಾವಳಿಯಿಂದ ಪತ್ತನಾಜೆಯವರೆಗೆ ಉಡುಪಿಯ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿಯೂ, ಪತ್ತನಾಜೆಯಿಂದ ದೀಪಾವಳಿಯವರೆಗೆ ಈ ಠಾಣೆ-ಕಲ್ಯಾಣದ ಸೀಮೆಯಲ್ಲಿ ನಾಲ್ಕು ಮನೆಗಳ ಆಶ್ರಯದಲ್ಲಿಯೂ ಇರುವುದೆಂದು ನಿಶ್ಚಯಿಸಿದೆವು. ಯಕ್ಷಗಾನ ಮೇಳಗಳು ಪತ್ತನಾಜೆಯಂದು ಗೆಜ್ಜೆ ಬಿಚ್ಚಿ ತಿರುಗಾಟವನ್ನು ಮುಗಿಸುತ್ತವೆ. ನಾವು ಅಂದೇ ಗೆಜ್ಜೆ ಕಟ್ಟುತ್ತೇವೆ. ಸನ್ಯಾಸಿಗಳು ಸಹ ಸಂಚಾರವನ್ನು ನಿಲ್ಲಿಸಿ ಒಂದೆಡೆ ಕುಳಿತುಕೊಳ್ಳುವ ಚಾತುರ್ಮಾಸ್ಯದಲ್ಲಿ ಗೃಹಸ್ಥರಾದ ನಾವು ಕೊಡೆ ಹಿಡಿದು ಊರೂರು ಅಲೆಯುವುದು ಯಾವ ಧರ್ಮಶಾಸ್ತ್ರಕ್ಕೆ ಒಪ್ಪಿಗೆಯೋ ಅರಿಯೆನು.

ಮನೆಯನ್ನು ಖಾಲಿ ಮಾಡುವಾಗ ಸಾಮಾನುಗಳನ್ನು ನಾಲ್ಕು ಕಡೆಗೆ ಹಂಚಿದೆವು. ಕಲ್ಯಾಣದ ಭಾವಮೈದುನನ ಮನೆಯು ನೆಲಅಂತಸ್ತಿನಲ್ಲಿದ್ದುದರಿಂದ ಕಡೆಯುವ ಕಲ್ಲು, ಹಿತ್ತಾಳೆಯ ಚೆರಿಗೆ, ಎರಡನೆಯ ಗ್ಯಾಸ್ ಒಲೆ ಮುಂತಾದ ಭಾರದ ವಸ್ತುಗಳು ಅಲ್ಲಿಗೆ ಹೋದವು. (ಇದು ಬಸವಣ್ಣನವರ ಕಲ್ಯಾಣವಲ್ಲ, ಅದು ಬೀದರ ಜಿಲ್ಲೆಯಲ್ಲಿದೆ ಎಂಬುದನ್ನು ಊರಿನ ಬಂಧುಗಳಿಗೆ ಪ್ರತಿವರ್ಷವೂ ತಿಳಿಸಬೇಕಾಗುತ್ತದೆ, ಇಲ್ಲಿ ಅನುಭವಕ್ಕೆ ಕೊರತೆಯಿಲ್ಲ, ಮಂಟಪ ಮಾತ್ರ ಇಲ್ಲ.) ಠಾಣೆಯ ಘೋಡಬಂದರ್ ರಸ್ತೆಯಲ್ಲಿರುವ ಮಗಳ ಮನೆಗೆ ನನ್ನ ಆರಾಮಕುರ್ಚಿ ಮತ್ತು ಗೋದ್ರೆಜ್ ಕಪಾಟು, ನೇರುಳದ ಮಗನ ಮನೆಗೆ ದೇವರ ಮಂಟಪ, ಡೊಂಬಿವಲಿಯಲ್ಲಿಯೇ ಉಳಿದ ನಿವೃತ್ತ ಸಹೋದ್ಯೋಗಿಯ ಮನೆಗೆ ನನ್ನ ಪುಸ್ತಕಗಳು. ಹೀಗೆ ಹಂಚಿ ಮುಗಿಸಿದ ರಾತ್ರಿ ನನಗೊಂದು ತತ್ತ್ವವು ಹೊಳೆಯಿತು. ಅಮೆರಿಕದ ವೃದ್ಧರು ಮನೆಗೆ ಚಕ್ರಗಳನ್ನು ಜೋಡಿಸಿಕೊಂಡಿದ್ದಾರೆ; ನಮ್ಮ ಮನೆಯಾದರೋ ನಿಂತಲ್ಲಿಯೇ ನಿಂತಿದೆ, ಚಕ್ರಗಳು ಜೋಡಣೆಯಾಗಿರುವುದು ನಮಗೆ. ಅಡುಗೆಮನೆ ಕಲ್ಯಾಣದಲ್ಲಿ, ಪಡಸಾಲೆ ಠಾಣೆಯಲ್ಲಿ, ಗ್ರಂಥಭಂಡಾರ ಡೊಂಬಿವಲಿಯಲ್ಲಿ, ದೇವರ ಕೋಣೆ ನೇರುಳದಲ್ಲಿ. ಇವುಗಳ ನಡುವಿನ ಓಣಿಯನ್ನು ರೈಲ್ವೆಯವರು ನೋಡಿಕೊಳ್ಳುತ್ತಾರೆ. ಕಲ್ಯಾಣದಿಂದ ಠಾಣೆಗೆ 20 ಕಿಲೋಮೀಟರು. ದೇವರ ಕೋಣೆಯಿಂದ ಅಡುಗೆಮನೆಗೆ ಹೋಗಬೇಕಾದರೆ ಠಾಣೆಯಲ್ಲಿ ಗಾಡಿ ಬದಲಿಸಬೇಕು. 2004ರಲ್ಲಿ ಠಾಣೆಯಿಂದ ನೇರುಳದ ಕಡೆಗೆ ಲೋಕಲ್ ಆರಂಭವಾಗದೆ ಇದ್ದಿದ್ದರೆ ನನ್ನ ಹೆಂಡತಿಯು ನೈವೇದ್ಯದೊಡನೆ ಕುರ್ಲಾದವರೆಗೆ ಸುತ್ತಿ ಬರಬೇಕಾಗುತ್ತಿತ್ತು.

ಇಷ್ಟು ವಿಶಾಲವಾದ ಮನೆಯಲ್ಲಿ ವಾಸಿಸುವ ಕಷ್ಟವು ಅನುಭವಿಸಿದವರಿಗೇ ಗೊತ್ತು. ಒಂದು ಸಂಜೆ ಠಾಣೆಯ ಆರಾಮಕುರ್ಚಿಯಲ್ಲಿ ಕುಳಿತು ನಾನೂ ಅಳಿಯನೂ 'ಬಿಡಾರ' ಎಂಬ ಶಬ್ದದ ಮೂಲವನ್ನು ಕುರಿತು ವಾದಕ್ಕೆ ತೊಡಗಿ, ಅವನು ಮೊಬೈಲಿನಲ್ಲಿ ನೋಡಿಬಿಡುವೆನೆಂದರೂ ಕೇಳದೆ, 1894ರ ಕಿಟೆಲ್ ಕೋಶದ ಹೊರತು ಮತ್ತೊಂದನ್ನು ನಾನು ಪ್ರಮಾಣವೆಂದು ಒಪ್ಪುವುದಿಲ್ಲವೆಂದು ಘೋಷಿಸಿ, ಗ್ರಂಥಭಂಡಾರಕ್ಕೆ ಹೊರಟೆನು. ಸಂಜೆ ಆರರ ಹೊತ್ತಿನಲ್ಲಿ ಠಾಣೆಯಿಂದ ಡೊಂಬಿವಲಿಯ ಕಡೆಗೆ ಹೋಗುವ ಲೋಕಲನ್ನು ಏರುವುದಕ್ಕೆ ವ್ಯಾಕರಣವು ಯಾವ ರೀತಿಯಲ್ಲಿಯೂ ಸಹಾಯ ಮಾಡದು. ನಾನು ಏರಲಿಲ್ಲ, ಏರಿಸಲ್ಪಟ್ಟೆನು. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ತೊಡೆಯ ಕಾಲುಭಾಗವನ್ನು ಮಾತ್ರ ಊರಿ ಕುಳಿತುಕೊಳ್ಳುವ ಆ ಆಸನಕ್ಕೆ ಇಲ್ಲಿಯವರು ಫೋರ್ತ್ ಸೀಟ್ ಎನ್ನುತ್ತಾರೆ. ನನ್ನ ನರೆಗೂದಲನ್ನು ನೋಡಿ ಒಬ್ಬ ತರುಣನು ಪಕ್ಕದವರಿಗೆ "ಜರಾ ಸರಕಾ" ಎಂದು ಹೇಳಿ ಅದನ್ನು ನನಗೆ ದೊರಕಿಸಿಕೊಟ್ಟನು. ದಿವಾ ದಾಟುವಾಗ ನನಗೆ ತೋರಿತು: ಮುಂಬಯಿಯ ಸಮೀಪದಲ್ಲಿ ನಲವತ್ತು ವರ್ಷ ಬದುಕಿದವನಿಗೆ ಈ ಫೋರ್ತ್ ಸೀಟಿನ ವಿದ್ಯೆಯೊಂದು ಕೈವಶವಾಗಿದ್ದರೆ ಸಾಕು, ಯಾರ ಮನೆಯಲ್ಲಿಯೂ ಅವನು ಭಾರವಾಗಲಾರನು. ಡೊಂಬಿವಲಿಯಲ್ಲಿ ಸ್ನೇಹಿತನು ಬಿಸಿಬಿಸಿ ಪತ್ರೊಡೆಯನ್ನು ಮುಂದಿಟ್ಟನು, ಬ್ಯಾಂಕಿನ ಹಳೆಯ ಮ್ಯಾನೇಜರುಗಳ ಗುಣಾವಗುಣಗಳ ವಿಮರ್ಶೆ ನಡೆಯಿತು, ರಾತ್ರಿ ಹತ್ತಕ್ಕೆ ಠಾಣೆಗೆ ಮರಳಿದಾಗ ಅಳಿಯನು "ಏನಂತೆ ಮಾವ, ಬಿಡಾರ?" ಎಂದು ಕೇಳಿದ ಮೇಲೆಯೇ ನಾನು ಕೋಶವನ್ನು ತೆರೆಯಲಿಲ್ಲವೆಂಬುದು ನೆನಪಾಯಿತು.

ಅತಿಥಿ ಎಂದರೆ ತಿಥಿಯನ್ನು ತಿಳಿಸದೆ ಬರುವವನು ಎಂದು ವ್ಯುತ್ಪತ್ತಿ ಹೇಳಿದ ಪಂಡಿತರು ಬರುವ ತಿಥಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಆತಿಥೇಯನನ್ನು ನಿಜವಾಗಿ ಕಾಡುವುದು ಹೊರಡುವ ತಿಥಿ. ಮೊದಲನೆಯ ವರ್ಷ ರೈಲ್ವೆಯವರು 120 ದಿನ ಮುಂಚಿತವಾಗಿ ಟಿಕೆಟು ಕೊಡುತ್ತಿದ್ದುದರಿಂದ ಆಷಾಢದಲ್ಲಿಯೇ ನಮ್ಮ ದೀಪಾವಳಿಯ ಟಿಕೆಟನ್ನು ತೋರಿಸಿ ನಾಲ್ಕು ಮನೆಗಳಿಗೂ ಅಭಯಪ್ರದಾನ ಮಾಡಿದ್ದೆನು. 2024ರ ನವೆಂಬರ್ 1ರಿಂದ ಆ ಅವಧಿಯು 60 ದಿನಗಳಿಗೆ ಇಳಿದಿದೆ. ಈಗ ಚೌತಿಯ ಹೊತ್ತಿನವರೆಗೆ ನಾವು ಶಾಶ್ವತರೋ ನಶ್ವರರೋ ಎಂಬುದು ಯಾರಿಗೂ ತಿಳಿಯದು. ಹೋದ ವರ್ಷ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ನಮಗೆ ದೊರೆತದ್ದು ವೇಟಿಂಗ್ ಲಿಸ್ಟ್ 43. ಅಂದಿನಿಂದ ಅಳಿಯನು ಬೆಳಗ್ಗೆ ಪತ್ರಿಕೆಗಿಂತ ಮುಂಚೆ ನಮ್ಮ ಪಿಎನ್‌ಆರನ್ನು ನೋಡತೊಡಗಿದನು. "ಮಾವ, ಮೂವತ್ತೊಂದಕ್ಕೆ ಇಳಿಯಿತು" ಎಂದು ಅವನು ಹೇಳುವ ಸ್ವರದಲ್ಲಿ ಸನ್ನಿಜ್ವರದ ರೋಗಿಯ ಪಕ್ಕದಲ್ಲಿ ಕುಳಿತವರ ಆರ್ದ್ರತೆಯಿತ್ತು. ನೇರುಳದಿಂದ ಸೊಸೆಯೂ ಕಲ್ಯಾಣದಿಂದ ಭಾವಮೈದುನನೂ ದಿನವಹಿ ಸಂಖ್ಯೆಯನ್ನು ವಿಚಾರಿಸುತ್ತಿದ್ದರು. ಅವರಿಗೆ ನಮ್ಮಲ್ಲಿ ಪ್ರೀತಿಯಿಲ್ಲವೆಂದು ಹೇಳಿದರೆ ನಾಲಗೆಗೆ ಹುಳ ಬಿದ್ದೀತು. ನಾವು ಬಂದಾಗ ಅವರಿಗೆ ಆಗುವ ಸಂತೋಷವನ್ನೂ ಕಂಡಿದ್ದೇನೆ. ಟಿಕೆಟು ಖಾತ್ರಿಯಾದ ದಿನ ಮಗಳ ಮನೆಯಲ್ಲಿ ಕಡಲೆಬೇಳೆಯ ಪಾಯಸವಾಯಿತು. ಕಾರಣವನ್ನು ನಾನು ಕೇಳಲಿಲ್ಲ. ಎರಡು ಸಲ ಬಡಿಸಿಕೊಂಡೆನು.

ನಾವು ಹತ್ತುವುದು ಠಾಣೆಯಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಈ ದೇಶದ ಮೊತ್ತಮೊದಲ ಪ್ರಯಾಣಿಕರ ಗಾಡಿಯು 34 ಕಿಲೋಮೀಟರು ಓಡಿ ಬಂದು ನಿಂತದ್ದು ಇದೇ ಊರಿನಲ್ಲಿ; ಅದರ 14 ಡಬ್ಬಿಗಳಲ್ಲಿ ಕುಳಿತಿದ್ದವರು ಸುಮಾರು 400 ಮಂದಿ ಆಹ್ವಾನಿತ ಅತಿಥಿಗಳು. ಈ ಹಳಿಯು ಹುಟ್ಟಿದ್ದೇ ಅತಿಥಿಗಳಿಗಾಗಿ ಎಂಬ ಸಮಾಧಾನದಿಂದ ನಾನು ನಾಲ್ಕು ಚೀಲಗಳೊಡನೆ ಅಲ್ಲಿ ಕಾಯುತ್ತೇನೆ. ಇನ್ನು ಕೊಂಕಣದ ದಾರಿಯಲ್ಲಿ, ಕೋಲಾಡದಿಂದ ಸುರತ್ಕಲ್ಲಿನವರೆಗೆ, ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಸಾಗಿಸುವ ಏರ್ಪಾಡು ಉಂಟಷ್ಟೆ. ಯಾವುದೋ ನಿಲ್ದಾಣದಲ್ಲಿ ನಮಗೆ ದಾರಿ ಬಿಟ್ಟು ನಿಂತಿದ್ದ ಅಂತಹ ಗಾಡಿಯೊಂದರಲ್ಲಿ ಲಾರಿಯ ಚಾಲಕನೊಬ್ಬನು ತನ್ನ ಕ್ಯಾಬಿನ್ನಿನಲ್ಲಿಯೇ ಕುಳಿತು, ಪಾದಗಳೆರಡನ್ನೂ ಸ್ಟಿಯರಿಂಗ್ ಚಕ್ರದ ಮೇಲೆ ಚಾಚಿ, ತನ್ನ ಮನೆಯನ್ನು ಇನ್ನೊಬ್ಬನು ಓಡಿಸುತ್ತಿರಲು ಗೊರಕೆ ಹೊಡೆಯುತ್ತಿದ್ದುದನ್ನು ಕಂಡು, ಅರಿಝೋನಾದ ವೃದ್ಧರಿಗೂ ಈ ಸುಖವಿಲ್ಲವೆಂದು ಹೆಂಡತಿಗೆ ತೋರಿಸಿದ್ದೆನು.

ಹೋದ ವರ್ಷ ಗಾಡಿಯು ಪನವೇಲನ್ನು ಬಿಟ್ಟು ಹೊರಟ ಮೇಲೆ, ಸೊಂಟದ ಕೀಲಿಗೊಂಚಲನ್ನು ಮುಟ್ಟಿ ನೋಡಿಕೊಂಡು ಅವಳು ಥಟ್ಟನೆ ಗಾಬರಿಯಿಂದ, "ಹೌದಾ, ಗ್ಯಾಸ್ ಬಂದ್ ಮಾಡಿದ್ರಾ?" ಎಂದು ಕೇಳಿದಳು.

"ಯಾವ ಮನೆಯದು? ಠಾಣೆಯದೋ, ಕಲ್ಯಾಣದ್ದೋ?" ಎಂದೆನು.

"ಅಲ್ಲ, ನಮ್ಮ ಮನೆಯದು."

ತಗಡಿನ ಬೇಲಿಯೊಳಗಿನ ಆ ಹೊಂಡದಲ್ಲಿ ಆಗ ಮಳೆಯ ನೀರು ನಿಂತಿತ್ತು. "ಮಾಡಿದ್ದೇನೆ" ಎಂದೆನು. ಅವಳು ನಿಶ್ಚಿಂತಳಾಗಿ ಬುತ್ತಿಯ ಡಬ್ಬಿಯನ್ನು ಬಿಚ್ಚಿದಳು.