ಶರಾವತಿ ಕೆಂಪು, ಮೊಬೈಲು ನೀಲಿ

ನೀರಿಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ ಎಂದು ವಿಜ್ಞಾನದ ಮೇಷ್ಟ್ರು ಉರು ಹೊಡೆಸುತ್ತಾರೆ. ಗಂಟೆ ಬಾರಿಸಿ ಡ್ರಾಯಿಂಗ್ ಮೇಷ್ಟ್ರು ಒಳಗೆ ಬಂದರೆ ಅದೇ ನೀರಿಗೆ ನೀಲಿ ಹಚ್ಚಬೇಕು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ನೀಲಿ ಹೊಳೆ. ಈ ಚಿತ್ರ ಬರೆಯದೆ ಐದನೇ ಕ್ಲಾಸು ದಾಟಿದವರನ್ನು ನಾನಂತೂ ಕಂಡಿಲ್ಲ. ಮೊಬೈಲು ತಯಾರಿಸುವವರೂ ಆ ಡ್ರಾಯಿಂಗ್ ಮೇಷ್ಟ್ರ ಶಿಷ್ಯರೇ ಇರಬೇಕು.

ಜೋರು ಮಳೆ ಹಿಡಿದಾಗ ಜೋಗಕ್ಕೆ ಹೋಗಿ ನೋಡಿ. ಶರಾವತಿಯ ಕವಲುಗಳಾದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಆಳಕ್ಕೆ ಧುಮುಕುವಾಗ, ಮಲೆನಾಡಿನ ಕೆಮ್ಮಣ್ಣು ತೊಳೆದುಕೊಂಡು ಬಂದ ಹೊಸನೀರು ಹಾಲು ಕಮ್ಮಿಯಾದ ಚಹಾದ ಬಣ್ಣದಲ್ಲಿರುತ್ತದೆ. ನೊರೆಯೂ ಅಪ್ಪಟ ಬಿಳಿಯಲ್ಲ, ಅದಕ್ಕೂ ಕಂದು ಅಂಟಿರುತ್ತದೆ. ಮಂಜು ಸರಿದ ಗಳಿಗೆ ನೋಡಿ, ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು, ಲೆನ್ಸಿನ ಹನಿ ಒರೆಸಿ ಕ್ಲಿಕ್ಕಿಸಿದರೆ ಪರದೆಯ ಮೇಲೆ ಮೂಡುವುದು ಬೂದು ನೀರು, ನೀಲಿಗಟ್ಟಿದ ಕಾಡು. ಅದು ಆಟೋ ವೈಟ್ ಬ್ಯಾಲೆನ್ಸಿನ ಕಾರುಬಾರು. ಎಲ್ಲೆಲ್ಲೂ ಕೆಂಪೇ ಕಂಡರೆ, ಯಾರೋ ಹಳದಿ ಬಲ್ಬು ಹಾಕಿದ್ದಾರೆ ಎಂದುಕೊಂಡು ಅದು ಕೇಳದೆಯೇ ನೀಲಿ ಸುರಿದುಬಿಡುತ್ತದೆ.

ಇದಕ್ಕೆ ಮದ್ದುಂಟು. ವೈಟ್ ಬ್ಯಾಲೆನ್ಸನ್ನು ಮೋಡದ ಗುರುತಿಗೆ, ಅಂದರೆ ಸುಮಾರು 6000 ಕೆಲ್ವಿನ್‌ಗೆ ಕಟ್ಟಿಹಾಕಬೇಕು. ರಾ ಫೈಲಿನಲ್ಲಿ ತೆಗೆದರೆ ಮನೆಗೆ ಬಂದ ಮೇಲೂ ತಿದ್ದಬಹುದು. ನೀರಿನ ಮೇಲೆ ಬಿದ್ದ ಬೆಳಕಿನಲ್ಲೇ ಬೂದು ಕಾರ್ಡೊಂದನ್ನು ಹಿಡಿದು ಅದರದ್ದೂ ಒಂದು ಫೋಟೊ ತೆಗೆದಿಟ್ಟುಕೊಂಡರೆ ಆಮೇಲೆ ತಕರಾರೇ ಇಲ್ಲ. "ಏನ್ ಸಾರ್, ಸರ್ವೇನಾ? ಇಲ್ಲೂ ಡ್ಯಾಮ್ ಕಟ್ತಾರಾ?" ಎಂದು ಅಕ್ಕಪಕ್ಕದವರು ಗಾಬರಿಯಾಗುತ್ತಾರೆ, ಅಷ್ಟೇ.

ಹಾಗಂತ ನೀಲಿ ಸುಳ್ಳೇನಲ್ಲ. ಕಡಲಿನ ನೀಲಿ ಬರೀ ಆಕಾಶದ ಪ್ರತಿಫಲನ ಎಂದು ರೇಲಿಯಂಥ ಘಟಾನುಘಟಿ ವಿಜ್ಞಾನಿಗಳೇ ಹೇಳಿದ್ದರು. 1921ರ ಹಡಗು ಪ್ರಯಾಣದಲ್ಲಿ ಸಿ.ವಿ. ರಾಮನ್ ಅದನ್ನು ಒಪ್ಪದೆ, ನಿಕೋಲ್ ಪ್ರಿಸಂ ಹಿಡಿದು ಮೇಲ್ಮೈಯ ಹೊಳಪನ್ನು ಅಡಗಿಸಿ ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಯಿತು. ಆಳದ ತಿಳಿನೀರು ಕೆಂಪನ್ನು ಹೀರುತ್ತದೆ, ಅದರ ಅಣುಗಳು ನೀಲಿಯನ್ನು ಚದುರಿಸುತ್ತವೆ.

ಆ ಪ್ರಿಸಮ್ಮಿನ ಕೆಲಸವನ್ನು ಈಗ ಲೆನ್ಸಿಗೆ ತಿರುಪಿಕೊಳ್ಳುವ ಪೋಲರೈಸರ್ ಮಾಡುತ್ತದೆ. ಊರ ಕೆರೆಯ ಏರಿ ಮೇಲೆ ನಿಂತು ಅದನ್ನು ತಿರುಗಿಸುವುದೇ ಒಂದು ಮೋಜು. ಮೊದಲು ಮೋಡ ಹೊತ್ತ ಬೆಳ್ಳಿ ನೀರು. ಕಾಲು ಸುತ್ತು ತಿರುಗಿಸಿದರೆ ಹೊಳಪು ಹೋಗಿ ಪಾಚಿಯ ಹಸಿರು, ದಡದ ಹತ್ತಿರದ ಕಲ್ಲು. ಎರಡೂ ನಿಜವೇ. ಆಕಾಶ, ಮಣ್ಣು, ಆಳ, ನಾವು ನಿಂತ ಜಾಗ ಇವೆಲ್ಲ ಸೇರಿ ಆ ಹೊತ್ತಿಗೆ ಒಪ್ಪಿಕೊಂಡದ್ದೇ ನೀರಿನ ಬಣ್ಣ. ಕ್ಯಾಮೆರಾ ನಡುವೆ ಬಾಯಿ ಹಾಕದಿದ್ದರೆ ಸಾಕು.

ಆದರೆ ಕ್ಯಾಮೆರಾವನ್ನು ಸುಮ್ಮನಾಗಿಸಬಹುದು, ನೆಂಟರನ್ನಲ್ಲ. ಜೋಗದ ಕೆಂಪು ನೀರನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಅಷ್ಟು ದೂರ ಹೋಗಿ ಬಗ್ಗಡ ನೀರು ತೆಗೆದುಕೊಂಡು ಬಂದಿದ್ದೀಯಲ್ಲೋ!" ಎಂದರು ದೊಡ್ಡಮ್ಮ. ಭಾವ ಸ್ಲೈಡರ್ ಎಳೆದು ಜಲಪಾತವನ್ನು ನೀಲಿ ಮಾಡಿ ವಾಪಸ್ ಹಾಕಿದರು. ಎಲ್ಲರಿಂದಲೂ ಶಹಬ್ಬಾಸ್‌ಗಿರಿ. ಅಷ್ಟರಲ್ಲಿ ಫೋಟೊದ ಮೂಲೆಯಲ್ಲಿ ನಿಂತಿದ್ದ ಅಕ್ಕನ ಕಣ್ಣು ತನ್ನ ಮುಖದ ಮೇಲೆ ಬಿತ್ತು. ಅದೂ ನೀಲಿಯಾಗಿತ್ತು. "ನನ್ನ ಬಣ್ಣ ಹೇಗಿದೆಯೋ ಹಾಗೇ ಇರಲಿ, ಮೊದಲು ಡಿಲೀಟ್ ಮಾಡಿ" ಎಂದು ಗಂಡನ ಮೇಲೆ ಹರಿಹಾಯ್ದಳು. ಶರಾವತಿ ನಮ್ಮ ಗ್ರೂಪಿನಲ್ಲಿಲ್ಲ. ಇದ್ದಿದ್ದರೆ ಅಕ್ಕನ ಪಕ್ಷಕ್ಕೆ ಒಂದು ಓಟು ಹೆಚ್ಚುತ್ತಿತ್ತು.