ಬೀಜದ ಮುಹೂರ್ತ

ಬೀಜ ಹಾಕಲು ಪಂಚಾಂಗ ನೋಡುತ್ತ ಕೂತವರಿಗಾಗಿ ಹಲಸು ಕಾಯುವುದಿಲ್ಲ. ತೊಳೆ ತಿಂದ ಒಂದೆರಡು ದಿನದಲ್ಲೇ ಅದರ ಬೀಜ ಕಿಟಕಿಯ ಕುಂಡ ಸೇರಬೇಕು. ಒಣಗಿತೋ, ಜೀವ ಹೋಯಿತು. ಅಷ್ಟರೊಳಗೆ ಅದು ಸಾರಿಗೆ ಬೀಳದಿದ್ದರೆ ನಿಮ್ಮ ಪುಣ್ಯ. ಮಾವಿನ ಗೊರಟಿನದೂ ಇದೇ ಅವಸರ. ಸೇಬಿಗೆ ಮಾತ್ರ ದೊರೆಮಗನ ಗತ್ತು: ಒದ್ದೆ ಮರಳಿನಲ್ಲಿ ಹೂತು ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿ ಮಲಗಿಸಿದರಷ್ಟೇ ಏಳುವುದು. ಬೆಂಗಳೂರಿನ ಮನೆಯಲ್ಲಿ, ದೋಸೆಹಿಟ್ಟಿನ ಪಕ್ಕ, ಮಣ್ಣುಮಣ್ಣಾದ ಆ ಡಬ್ಬಿ ಅಷ್ಟು ದಿನ ಉಳಿದೀತೇ? "ಇದೇನ್ರೀ ಗಲೀಜು?" ಎಂಬ ಪ್ರಶ್ನೆ ಮೊದಲ ವಾರವೇ ಮೊಳೆಯುತ್ತದೆ. ಉಳಿದರೂ, ಮೊಳೆತರೂ, ತಾಯಿಮರದ ರುಚಿಯೇ ಬರುವ ಖಾತ್ರಿಯಿಲ್ಲ. ಖಾತ್ರಿ ಬೇಕೆನ್ನುವ ಜಾಣರು ನರ್ಸರಿಗೆ ಹೋಗಿ ಕಸಿಗಿಡ ತಂದು ನೆಟ್ಟು, ನಮ್ಮ ಖಾಲಿ ಕುಂಡದತ್ತ ನೋಡಿ ನಗುತ್ತಾರೆ. ನಗಲಿ ಬಿಡಿ, ನಮ್ಮದು ಇನ್ನೂ ಫ್ರಿಜ್ಜಿನಲ್ಲಿ ನಿದ್ದೆ ಮಾಡುತ್ತಿದೆ!