ಎಸ್ಸೆಸ್ಸೆಲ್ಸಿ ಫೇಲಾದವನಿಗೆ ರಾಜಮರ್ಯಾದೆ

ಹತ್ತನೇ ತರಗತಿಯಲ್ಲಿ ಡುಮ್ಕಿ ಹೊಡೆದವನನ್ನು ಈ ದೇಶದಲ್ಲಿ ಯಾರೂ ಪ್ರೀತಿಸುವುದಿಲ್ಲ ಎಂಬ ಆರೋಪ ಶುದ್ಧ ಸುಳ್ಳು. ಅಪ್ಪ ಬೈಯಬಹುದು, ಮೇಷ್ಟ್ರು ಮುಖ ತಿರುಗಿಸಬಹುದು, ಹೆಣ್ಣು ಕೊಡಲು ಬಂದವರು ಕಾಫಿ ಕುಡಿದು ಎದ್ದು ಹೋಗಬಹುದು. ಭಾರತ ಸರ್ಕಾರ ಮಾತ್ರ ಅವನ ಕೈ ಬಿಟ್ಟಿಲ್ಲ. ಅವನು ಕೆಲಸ ಹುಡುಕಿಕೊಂಡು ಕುವೈತಿಗೋ ಕತಾರಿಗೋ ಹೊರಡುತ್ತೇನೆಂದರೆ ಅವನ ಪಾಸ್‌ಪೋರ್ಟಿಗೆ ‘ಇ.ಸಿ.ಆರ್.’ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಎಂಬ ದೃಷ್ಟಿಬೊಟ್ಟು ಇಡುತ್ತದೆ. ಈ ಮಗು ಪೆದ್ದು, ಯಾರಾದರೂ ಮೋಸ ಮಾಡಿಯಾರು, ನಮ್ಮನ್ನು ಕೇಳದೆ ವಿಮಾನ ಹತ್ತಿಸಬೇಡಿ ಎಂಬುದು ಅದರ ತಾತ್ಪರ್ಯ.

ಈ ಮಮತೆಗೆ 1983ರ ವಲಸೆ ಕಾಯ್ದೆಯ ಆಧಾರವಿದೆ. ಅನುಮತಿ ಕೊಡುವ ಅಧಿಕಾರಿಯ ಹುದ್ದೆಗೆ ‘ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್’ ಎಂಬ ಹೆಸರು. ಹುದ್ದೆ ಹೊಸತೇನಲ್ಲ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತಾ, ಮದರಾಸು ಬಂದರುಗಳಿಂದ ಮಾರಿಷಸ್ಸಿನ ಕಬ್ಬಿನ ಗದ್ದೆಗೆ ಹೊರಟ ಗಿರಮಿಟಿ (ಕರಾರು) ಕೂಲಿಗಳನ್ನೂ ಇದೇ ಹೆಸರಿನ ದೊರೆಯೊಬ್ಬ ರಕ್ಷಿಸುತ್ತಿದ್ದ. ಎಷ್ಟು ಚೆನ್ನಾಗಿ ರಕ್ಷಿಸಿದನೆಂದರೆ, ಕೊನೆಗೆ ಆ ಪದ್ಧತಿಯನ್ನೇ ನಿಲ್ಲಿಸಬೇಕಾಯಿತು.

ಈಗ ರಕ್ಷಣೆ ಯಾರಿಗೆ ಬೇಡ ಎಂಬ ಪಟ್ಟಿ ನೋಡಿ. ಹತ್ತನೇ ತರಗತಿ ಪಾಸಾದವನಿಗೆ ಬೇಡ. ಸರಿಯೇ. ತ್ರಿಕೋನಮಿತಿ ಬಲ್ಲವನ ಪಾಸ್‌ಪೋರ್ಟನ್ನು ಯಾವ ಮಾಲೀಕ ತಾನೆ ಕಸಿದು ಬೀರುವಿನಲ್ಲಿ ಇಟ್ಟುಕೊಂಡಾನು! ಆದಾಯ ತೆರಿಗೆ ಕಟ್ಟುವವನಿಗೂ ಬೇಡ. ಅವನು ಸುಲಿಸಿಕೊಂಡು ಅಭ್ಯಾಸವಾದವನು. ಐವತ್ತು ದಾಟಿದವನಿಗೂ ಬೇಡ. ಆ ವಯಸ್ಸಿನಲ್ಲಿ ಕಟ್ಟಡದ ಕೆಲಸಕ್ಕೆ ಹೊರಟವನಲ್ಲಿ ಹಾಳಾಗಲು ಇನ್ನೇನು ಉಳಿದಿರುತ್ತದೆ? ಮೂರು ವರ್ಷಕ್ಕಿಂತ ಹೆಚ್ಚು ಪರದೇಶದಲ್ಲಿ ಇದ್ದವನಿಗೂ ಬೇಡ. ಅವನಿಗೆ ಮೋಸ ಹೋದ ಅನುಭವವೇ ಇದೆಯಲ್ಲ, ಪ್ರಮಾಣಪತ್ರ ಯಾಕೆ?

ಈ ಕಾಳಜಿ ಎಲ್ಲ ದೇಶಗಳಿಗೂ ಹರಡಿಲ್ಲ ಎಂಬುದು ಇನ್ನೊಂದು ಸೊಗಸು. ಪಟ್ಟಿಯಲ್ಲಿ ಇರುವುದು 18 ದೇಶಗಳು: ಸೌದಿ, ಎಮಿರೇಟ್ಸ್, ಕುವೈತ್, ಒಮಾನ್, ಕತಾರ್, ಬಹ್ರೇನ್, ಜತೆಗೆ ಮಲೇಷ್ಯಾ, ಇರಾಕ್, ಸುಡಾನ್ ಮೊದಲಾದವು. ಅಮೆರಿಕ, ಇಂಗ್ಲೆಂಡ್ ಇಲ್ಲ. ಹತ್ತನೇ ತರಗತಿ ಫೇಲಾದವನು ನ್ಯೂಯಾರ್ಕಿಗೆ ಹೊರಟರೆ ನಮ್ಮ ಸರ್ಕಾರದ ತಕರಾರೇನೂ ಇಲ್ಲ, ಸುಖವಾಗಿ ಹೋಗಿ ಬರಲಿ ಎನ್ನುತ್ತದೆ. ಅಲ್ಲಿನವರು ಅವನಿಗೆ ವೀಸಾ ಕೊಡುವುದಿಲ್ಲ, ಆ ಮಾತು ಬೇರೆ.

ಇನ್ನು ಏಜೆಂಟ್ ಮಹಾಶಯ. ಲೈಸೆನ್ಸ್ ಪಡೆದ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಶೇ. 18 ಜಿ.ಎಸ್.ಟಿ. ಸೇರಿದರೆ 35,400. ಇದು ಸರ್ಕಾರದ ನಿಯಮ. ಕರಾವಳಿಯಿಂದ ಮುಂಬೈವರೆಗೆ ಈ ಅಂಕಿ ಬಲ್ಲ ಏಜೆಂಟರಿಗೆ ಕೊರತೆಯಿಲ್ಲ, ಅದನ್ನು ಅವರು ಗೌರವಿಸುವ ಬಗೆಯೂ ನೋಡುವಂತಿದೆ. ಬೈಂದೂರು ಕಡೆಯ ಸೆಂಟ್ರಿಂಗ್ ಕೆಲಸದ ಹುಡುಗನೊಬ್ಬ ಹೋಗಿ ಕುಳಿತ ಅಂದುಕೊಳ್ಳಿ.

‘ವೀಸಾ ಉಂಟು ಮಾರಾಯ. ಡ್ಯೂಟಿ ಎಂಟು ಗಂಟೆ, ರೂಮು ಫ್ರೀ, ಊಟ ಫ್ರೀ, ಓ.ಟಿ. ಬೇರೆ. ಒಂದೂವರೆ ರೆಡಿ ಮಾಡು.’

‘ರೂಲ್ಸಲ್ಲಿ ಮೂವತ್ತು ಸಾವಿರ ಅಂತ ಉಂಟಂತಲ್ಲ ಅಣ್ಣ?’

‘ಹೌದಲ್ಲ! ರಸೀದಿ ಅಷ್ಟಕ್ಕೇ ಕೊಡುವುದು.’

ಕಾನೂನು ಪಾಲನೆ ಅಂದರೆ ಇದು. ಉಳಿದ ಒಂದು ಲಕ್ಷದ ಇಪ್ಪತ್ತು ಸಾವಿರ ಎಲ್ಲಿಗೆ ಹೋಯಿತು ಎಂದು ಕೇಳುವುದು ಸಭ್ಯತೆಯಲ್ಲ. ಒಂದಷ್ಟು ಅಲ್ಲಿ ವೀಸಾ ಮಾರಿದವನಿಗೆ, ಒಂದಷ್ಟು ಮುಂಬೈಯ ಆಫೀಸಿಗೆ, ಒಂದಷ್ಟು ಹುಡುಗನನ್ನು ಕರೆತಂದ ಸಬ್ ಏಜೆಂಟಿಗೆ. ಈ ಸಬ್ ಏಜೆಂಟ್ ಕಾಯ್ದೆಯ ಯಾವ ಕಲಮಿನಲ್ಲೂ ಸಿಗುವುದಿಲ್ಲ. ಊರಲ್ಲಿ ಹುಡುಕಿದರೆ ಧಾರಾಳವಾಗಿ ಸಿಗುತ್ತಾನೆ. ಹುಡುಗನ ಚಿಕ್ಕಮ್ಮನ ಗಂಡನೋ, ದೇವಸ್ಥಾನದ ಸಮಿತಿಯವನೋ, ಮಸೀದಿಯ ಪಕ್ಕದ ಅಂಗಡಿಯವನೋ ಆಗಿರುತ್ತಾನೆ. ಅಪರಿಚಿತನಿಂದ ಮೋಸ ಹೋದರೆ ಪೊಲೀಸ್ ಸ್ಟೇಷನ್ನಿಗೆ ಹೋಗಬಹುದು, ಚಿಕ್ಕಪ್ಪನಿಂದ ಮೋಸ ಹೋದರೆ ಗೃಹಪ್ರವೇಶಕ್ಕೆ ಹೋಗಬೇಕು. ನಮ್ಮ ವಲಸೆ ವ್ಯವಸ್ಥೆ ಗಟ್ಟಿಯಾಗಿ ನಿಂತಿರುವುದೇ ಈ ಬಾಂಧವ್ಯದ ಮೇಲೆ.

ಅನುಮತಿ ತಡವಾದರೆ? ಅದಕ್ಕೂ ದಾರಿಯಿದೆ. ಅನುಮತಿ ಬೇಕಾಗುವುದು ನೌಕರಿಗೆ ಹೋಗುವವನಿಗೆ; ಊರು ನೋಡಲು ಹೋಗುವವನಿಗೆ ಬೇಡ. ಆದ್ದರಿಂದ ನಮ್ಮ ಸೆಂಟ್ರಿಂಗ್ ಹುಡುಗ ಪ್ರವಾಸಿಯಾಗುತ್ತಾನೆ. ಕೈಯಲ್ಲಿ ವಿಸಿಟ್ ವೀಸಾ, ವಾಪಸ್ ಟಿಕೇಟು, ಏರ್‌ಪೋರ್ಟಿನಲ್ಲಿ ಕೇಳಿದರೆ ಹೇಳಲು ಬುರ್ಜ್ ಖಲೀಫಾ ಎಂಬ ಎರಡು ಪದ. ಮನೆಯ ಹೆಂಚು ಬದಲಿಸಲು ದುಡ್ಡಿಲ್ಲದವನು, ಅಮ್ಮನ ಬಳೆ ಅಡವಿಟ್ಟವನು, ಗೋಪುರ ನೋಡಲು ಅರಬ್ಬಿ ಸಮುದ್ರ ದಾಟುತ್ತಿದ್ದಾನೆಂದು ಎಲ್ಲರೂ ಗಂಭೀರವಾಗಿ ನಂಬುತ್ತಾರೆ. ಅಲ್ಲಿಗೆ ಹೋಗಿ ಅಂಥದ್ದೇ ಒಂದು ಗೋಪುರಕ್ಕೆ ಅವನು ಸೆಂಟ್ರಿಂಗ್ ಹೊಡೆಯುತ್ತಾನೆ, ಹಾಗಾಗಿ ಪೂರ್ತಿ ಸುಳ್ಳೂ ಅಲ್ಲ. ಆದರೆ ನೋಂದಣಿ ಇಲ್ಲ, ಒಪ್ಪಂದ ಇಲ್ಲ, ವಿಮೆ ಇಲ್ಲ. ರಕ್ಷಣೆಯಿಂದ ಪಾರಾಗಲು ಅವನು ಕೊಟ್ಟ ಬೆಲೆ ಅದು.

ಬಣ್ಣದ ಕಥೆ ಇನ್ನೂ ರಂಗಾಗಿದೆ. 2017ರ ಜನವರಿಯಲ್ಲಿ ಪ್ರವಾಸಿ ಭಾರತೀಯ ದಿವಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ನಾವು ಪಾಸ್‌ಪೋರ್ಟಿನ ಬಣ್ಣ ನೋಡುವುದಿಲ್ಲ, ರಕ್ತಸಂಬಂಧ ನೋಡುತ್ತೇವೆ ಎಂಬರ್ಥದ ಮಾತನ್ನು ಪ್ರಧಾನಿಗಳು ಆಡಿದರು, ಚಪ್ಪಾಳೆ ಬಿತ್ತು. ಸರಿಯಾಗಿ ಒಂದು ವರ್ಷ ಕಳೆದು, 2018ರ ಜನವರಿಯಲ್ಲಿ, ವಿದೇಶಾಂಗ ಸಚಿವಾಲಯ ಹೊಸ ಯೋಜನೆ ಪ್ರಕಟಿಸಿತು: ಇ.ಸಿ.ಆರ್. ಇರುವವರಿಗೆ ಇನ್ನು ಮುಂದೆ ನೀಲಿ ಪಾಸ್‌ಪೋರ್ಟಲ್ಲ, ಕಿತ್ತಳೆ ಬಣ್ಣದ್ದು. ಯಾವ ಏರ್‌ಪೋರ್ಟಿನಲ್ಲೇ ಆಗಲಿ, ಪುಟ ತೆರೆಯುವ ತೊಂದರೆಯೂ ಇಲ್ಲದೆ, ಐವತ್ತು ಅಡಿ ದೂರದಿಂದಲೇ ಇವನು ಹತ್ತನೇ ಕ್ಲಾಸು ಪಾಸಾಗಿಲ್ಲ ಎಂದು ಗೊತ್ತಾಗಬೇಕು. ಗುರುತು ಹಚ್ಚಿ ರಕ್ಷಿಸಲು ಅಂತಲೇ ಇಟ್ಟುಕೊಳ್ಳಿ. ಆದರೆ ದೂರದಿಂದ ಗುರುತು ಹಚ್ಚುವ ಅಗತ್ಯ ರಕ್ಷಕನಿಗಿಂತ ಬೇಟೆಗಾರನಿಗೆ ಹೆಚ್ಚು. ಕೇರಳದಲ್ಲಿ ಗಲಾಟೆಯಾಯಿತು, ವಿರೋಧ ಪಕ್ಷ ಕೂಗಿತು, ಜನವರಿ 30ರಂದು ಯೋಜನೆಯನ್ನು ವಾಪಸು ಪಡೆದರು. ವಲಸೆ ಕೂಲಿಗಳ ಪರ ನಿಂತು ವಕೀಲಿಕೆ ಮಾಡಿದ ಮುದುಕನೊಬ್ಬನ ಪುಣ್ಯತಿಥಿ ಅದು. ಕಾಕತಾಳೀಯವೇ ಇರಬೇಕು.

ಬಣ್ಣ ಬಿಡಿ, ಸಂಬಳಕ್ಕೆ ಬನ್ನಿ. ಗಲ್ಫಿಗೆ ಹೋಗುವ ಕೆಲಸಗಾರನಿಗೆ ಇದಕ್ಕಿಂತ ಕಡಿಮೆ ಕೊಡಬಾರದು ಎಂದು ನಮ್ಮ ಸರ್ಕಾರ ಒಂದು ಕನಿಷ್ಠ ಕೂಲಿಯನ್ನು ಸೂಚಿಸುತ್ತದೆ. 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ನಡುವೆ, ಅದನ್ನು ಶೇ. 30ರಿಂದ 50ರಷ್ಟು ಇಳಿಸಿಬಿಟ್ಟರು. ಭಾರತೀಯರ ಕೆಲಸ ಉಳಿಯಲಿ ಎಂಬ ಸದುದ್ದೇಶ! ಕತಾರ್, ಎಮಿರೇಟ್ಸ್, ಒಮಾನ್, ಬಹ್ರೇನ್‌ಗಳಿಗೆ ತಿಂಗಳಿಗೆ 200 ಡಾಲರ್ ಸಾಕೆಂದಾಯಿತು. ಅತ್ತ ಕತಾರ್, ವಿಶ್ವಕಪ್ಪಿನ ನೆಪದಲ್ಲಿ ಜಗತ್ತಿನವರೆಲ್ಲ ಉಗಿದ ಮೇಲೆ, 2021ರ ಮಾರ್ಚಿನಿಂದ 1,000 ರಿಯಾಲ್ ಕನಿಷ್ಠ ಕೂಲಿ ಜಾರಿಗೆ ತಂದಿತು. ಡಾಲರಿನಲ್ಲಿ ಸುಮಾರು 275. ವಸತಿ, ಊಟ ಕೊಡದಿದ್ದರೆ ಅದಕ್ಕೆ ಬೇರೆ ಭತ್ಯೆ. ಅಂದರೆ ಸ್ವಲ್ಪ ಕಾಲ ನಮ್ಮ ಹುಡುಗನಿಗೆ ಶೇಖ್ ಸಾಹೇಬರು ಕಟ್ಟಿದ ಬೆಲೆ ತವರಿನ ರಕ್ಷಕ ಕಟ್ಟಿದ ಬೆಲೆಗಿಂತ ಹೆಚ್ಚಾಗಿತ್ತು. ತೆಲಂಗಾಣದ ಗಲ್ಫ್ ಕಾರ್ಮಿಕರು ಹೈಕೋರ್ಟ್ ಮೆಟ್ಟಿಲು ಹತ್ತಿದರು. 2021ರ ಜುಲೈನಲ್ಲಿ ಹಳೆಯ ದರ ಮರಳಿತು. ಕರ್ನಾಟಕದಲ್ಲಿ ಆ ಹತ್ತು ತಿಂಗಳು ಯಾರೂ ಕೆಮ್ಮಿದ ಸುದ್ದಿಯೂ ನನ್ನ ಕಿವಿಗೆ ಬೀಳಲಿಲ್ಲ.

ಹೆಣ್ಣುಮಕ್ಕಳ ಮೇಲಿನ ವಾತ್ಸಲ್ಯಕ್ಕಂತೂ ಎಣೆಯಿಲ್ಲ. ಇ.ಸಿ.ಆರ್. ಪಾಸ್‌ಪೋರ್ಟಿನ ಹೆಂಗಸು ಪಟ್ಟಿಯ ಆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ 30 ವರ್ಷ ತುಂಬಿರಬೇಕು. ಇಪ್ಪತ್ತೊಂಬತ್ತರವರೆಗೆ ಮೋಸ, ಮೂವತ್ತಕ್ಕೆ ಉದ್ಯೋಗ. ಅಷ್ಟರವರೆಗೆ ಅವಳು ಊರಲ್ಲಿ ಗೇರುಬೀಜ ಸುಲಿಯಲಿ, ಬೀಡಿ ಕಟ್ಟಲಿ. ಅಲ್ಲೆಲ್ಲ ಶೋಷಣೆ ಸ್ವದೇಶಿ.

ಹಾಗಾದರೆ ಡಿಗ್ರಿ ಇದ್ದವನು ಗೆದ್ದನೇ? ಅವನ ಡಿಗ್ರಿಗೆ ಮೊದಲು ತೀರ್ಥಯಾತ್ರೆ ಆಗಬೇಕು. ರಾಜ್ಯ ಸರ್ಕಾರದ ಮುದ್ರೆ, ವಿದೇಶಾಂಗ ಸಚಿವಾಲಯದ ಮುದ್ರೆ, ಆ ದೇಶದ ರಾಯಭಾರ ಕಚೇರಿಯ ಮುದ್ರೆ. ಇಷ್ಟೆಲ್ಲ ಮಾಡಿ ದುಬೈಗಿಳಿದ ಬಿ.ಕಾಂ. ಪದವೀಧರರಲ್ಲಿ ಎಷ್ಟೋ ಮಂದಿ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಾರೆ. ಅದೇ ಸಂಜೆ ಅಲ್ಲಿಗೆ ಕುಬೂಸ್ ಕೊಳ್ಳಲು ಬಂದ ನಮ್ಮ ಸೆಂಟ್ರಿಂಗ್ ಹುಡುಗನಿಗೆ ಓ.ಟಿ. ಸೇರಿಸಿ ಎಷ್ಟು ಬರುತ್ತದೆ ಎಂದು ವಿಚಾರಿಸಲು ಸಂಕೋಚಪಡುತ್ತಾರೆ. ಊರಿಗೆ ಬಂದಾಗ ಮಾತ್ರ ಲೆಕ್ಕ ಬೇರೆ. ಕೌಂಟರಿನವನು ‘ದುಬೈಯಲ್ಲಿ ಅಕೌಂಟ್ಸ್‌ನಲ್ಲಿದ್ದಾನೆ’, ಇವನು ‘ಎಲ್ಲೋ ಗಲ್ಫ್‌ನಲ್ಲಿದ್ದಾನಂತೆ’.

ಡಿಗ್ರಿಯಿಲ್ಲದವನಿಗೂ ಪರೀಕ್ಷೆ ಇಲ್ಲದೆ ಇಲ್ಲ. ಟ್ರೇಡ್ ಟೆಸ್ಟ್ ಎಂಬುದೊಂದಿದೆ. ಪ್ಲಂಬರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮೊದಲಾದ ಕಸುಬಿನವರಿಗೆ ಸೌದಿಯವರು ಈಗ ಭಾರತದಲ್ಲೇ ಕೌಶಲ ಪರೀಕ್ಷೆ ನಡೆಸಿ, ಆಮೇಲೆ ವೀಸಾ ಕೊಡುತ್ತಾರೆ. ಪೈಪು ಕೊಟ್ಟು ಜೋಡಿಸು ಅನ್ನುತ್ತಾರೆ, ರಾಡು ಕೊಟ್ಟು ಬೆಸೆ ಅನ್ನುತ್ತಾರೆ. ಪಾಪ, ಅವನ ಆಯುಷ್ಯದಲ್ಲಿ ಗೊತ್ತಿರುವುದನ್ನೇ ಕೇಳಿದ ಮೊದಲ ಪರೀಕ್ಷೆ. ಪಾಸಾಗುತ್ತಾನೆ. ಆ ಪಾಸಿನಿಂದ ಪಾಸ್‌ಪೋರ್ಟಿನ ಇ.ಸಿ.ಆರ್. ಅಳಿಯುವುದಿಲ್ಲ. ಅದನ್ನು ಅಳಿಸಲು ಅವನು ಸಮಾಜ ವಿಜ್ಞಾನದಲ್ಲಿ ಪಾಸಾಗಬೇಕು. ಹತ್ತು ವರ್ಷ ದುಡಿದ ಕೈ ಸರ್ಕಾರದ ಕಣ್ಣಿಗೆ ವಿದ್ಯೆಯಲ್ಲ. ಮುಘಲ್ ದೊರೆಗಳ ವಂಶಾವಳಿ ವಿದ್ಯೆ.

ಡಿಗ್ರಿಯಿಲ್ಲದೆ ಪರದೇಶದಲ್ಲಿ ಬದುಕುವುದು ಹೇಗೆಂದು ನಿಜವಾಗಿ ಪಾಠ ಮಾಡಬಲ್ಲವರು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿದ್ದಾರೆ. ಹಕ್ಕಿಪಿಕ್ಕಿ ಬುಡಕಟ್ಟಿನವರು. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು. ಕುಲಕಸುಬು ಅಪರಾಧವಾದ ಮೇಲೆ ಬೇರು, ಸೊಪ್ಪು, ಕೂದಲಿಗೆ ಹಚ್ಚುವ ಎಣ್ಣೆ ಹಿಡಿದು ಹೊರಟವರು ಆಫ್ರಿಕದ ಸಂತೆಗಳವರೆಗೆ ಹೋದರು. ಮನೆಯಲ್ಲಿ ವಾಗ್ರಿ, ಬೀದಿಯಲ್ಲಿ ಕನ್ನಡ, ವ್ಯಾಪಾರಕ್ಕೆ ಯಾವ ಭಾಷೆ ಬೇಕೋ ಅದು. ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ಇವರನ್ನು ಅತಿಥಿ ಉಪನ್ಯಾಸಕ್ಕೆ ಕರೆದದ್ದು ನಾನು ಕಂಡಿಲ್ಲ. ಇವರು ಇಂಥ ದೇಶಗಳಲ್ಲಿದ್ದಾರೆ ಎಂದು ಬಹುಪಾಲು ಕನ್ನಡಿಗರಿಗೆ ತಿಳಿದದ್ದೇ 2023ರ ಏಪ್ರಿಲ್‌ನಲ್ಲಿ, ಸುಡಾನಿನಲ್ಲಿ ಗುಂಡು ಹಾರಿದಾಗ. ನಮ್ಮಲ್ಲಿ ಚುನಾವಣೆಯ ಕಾಲ. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಇದರಲ್ಲಿ ರಾಜಕೀಯ ಬೇಡ ಎಂದು ಗದರಿದರು, ಎರಡೂ ಕಡೆಯವರು ಟಿ.ವಿ.ಯಲ್ಲಿ ಕಾದಾಡಿದರು. ಅತ್ತ ಸುಡಾನಿನಲ್ಲಿ ಸಿಕ್ಕಿಬಿದ್ದ ಹಕ್ಕಿಪಿಕ್ಕಿಗಳು ಅನ್ನ ನೀರಿಗೆ ಪರದಾಡುತ್ತಿದ್ದರು. ಸರ್ಕಾರದ ಆಪರೇಷನ್ ಕಾವೇರಿ ಎಂಬ ಕಾರ್ಯಾಚರಣೆ ಅವರನ್ನು ಕರೆತಂದಿತು, ಅದನ್ನು ಒಪ್ಪಿಕೊಳ್ಳೋಣ. ಸುಡಾನ್ ಆ 18 ದೇಶಗಳ ಪಟ್ಟಿಯಲ್ಲಿ ಇರುವ ದೇಶವೇ. ಆದರೆ ಪಟ್ಟಿ ಇರುವುದು ನೌಕರಿಗೆ ಹೋಗುವವರಿಗೆ, ಎಣ್ಣೆ ಮಾರಲು ಹೋಗುವವರಿಗಲ್ಲ.

ಹಣ ಮಾತ್ರ ಯಾರು ಕಳಿಸಿದರೂ ಹಣವೇ. 2024ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದದ್ದು ಸುಮಾರು 129 ಶತಕೋಟಿ ಡಾಲರ್. ಜಗತ್ತಿನಲ್ಲಿ ನಾವೇ ಮೊದಲು. ಆ ಡಾಲರಿಗೆ ಯಾವ ಬ್ಯಾಂಕೂ ಮಾರ್ಕ್ಸ್ ಕಾರ್ಡ್ ಕೇಳಿಲ್ಲ, ಕಿತ್ತಳೆ ಬಣ್ಣ ಬಳಿದಿಲ್ಲ.

ಅದೇ 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಸತ್ತವರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಭಾರತೀಯರು. ವಾಯುಪಡೆಯ ವಿಮಾನದಲ್ಲಿ ದೇಹಗಳು ಕೊಚ್ಚಿಗೆ ಬಂದವು. ಏರ್‌ಪೋರ್ಟಿನಲ್ಲಿ ಮಂತ್ರಿಗಳು ಸಾಲಾಗಿ ನಿಂತಿದ್ದರು, ಹೂವಿತ್ತು, ಪೊಲೀಸ್ ಗೌರವವಿತ್ತು. ಅವರು ಹೋಗುವಾಗ ಬೀಳ್ಕೊಡಲು ಮನೆಯವರನ್ನು ಬಿಟ್ಟು ಯಾರೂ ಬಂದಿರಲಿಲ್ಲ. ಇದರ ಮೇಲೆ ವ್ಯಂಗ್ಯ ಮಾಡಲು ನನ್ನ ಕೈಯಲ್ಲಾಗುವುದಿಲ್ಲ.

ನಿಮ್ಮ ಮನೆಯಿಂದಲೋ ಕೇರಿಯಿಂದಲೋ ಯಾರಾದರೂ ಹೊರಟಿದ್ದರೆ ಇಷ್ಟು ಮಾಡಿ. ಏಜೆಂಟನ ಲೈಸೆನ್ಸ್ ನಂಬರನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡಿ. ಒಪ್ಪಂದದ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬುದೊಂದಿದೆ, ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಗೆ 10 ಲಕ್ಷ ಬರುತ್ತದೆ. ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆಂದರೆ ಒಪ್ಪಬೇಡಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಕೊಡುವುದಿಲ್ಲ ಎಂದವನು ಸ್ವಂತ ಚಿಕ್ಕಪ್ಪನೇ ಆಗಿದ್ದರೂ ಅವನ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ.